ಮರುಭೂಮಿಯ ಮಣ್ಣು ಮತ್ತು ನಿಮ್ಮ ಹೃದಯದ ಮಾತ್ರೆ

"ಮರುಭೂಮಿ ಮಣ್ಣಿನ ಬ್ಯಾಕ್ಟೀರಿಯಾದ ಆಂಟಿಆಕ್ಸಿಡೆಂಟ್ ತಗೊಂಡ್ರೆ ಹೃದಯದ ಬ್ಲಾಕ್ ಕರಗುತ್ತಂತೆ, ನಿಜವಾ ಡಾಕ್ಟ್ರೇ?" ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಬ್ಯಾಕ್ಟೀರಿಯಾ ನಿಜ, ಆಂಟಿಆಕ್ಸಿಡೆಂಟ್ ನಿಜ. ಬ್ಲಾಕ್ ಕರಗುವುದು ಮಾತ್ರ ಸುಳ್ಳು.

ಮೇ ತಿಂಗಳಲ್ಲಿ ರಾಜಸ್ಥಾನದ ಕಡೆಯಿಂದ ಆಂಧಿ ಎದ್ದು ನಮ್ಮ ನೋಯ್ಡಾ, ಗುರುಗ್ರಾಮದ ಬಾಲ್ಕನಿಗಳಿಗೆ ಧೂಳು ಸುರಿಯುತ್ತದಲ್ಲ, ಅಂಥ ಒಣ ಮಣ್ಣಿನಲ್ಲೂ ಬ್ಯಾಕ್ಟೀರಿಯಾ ಬದುಕುತ್ತವೆ. ಸುಡುಬಿಸಿಲು, ನೀರಿಲ್ಲದ ತಿಂಗಳುಗಳು ಜೀವಕೋಶದೊಳಗೆ 'ಫ್ರೀ ರ್‍ಯಾಡಿಕಲ್' ಎಂಬ ಪುಂಡ ಕಣಗಳನ್ನು ಹುಟ್ಟಿಸುತ್ತವೆ. ಅವು ಡಿಎನ್‌ಎ, ಪ್ರೋಟೀನು ಎಲ್ಲವನ್ನೂ ಹಾಳುಮಾಡುತ್ತವೆ. ಅದನ್ನು ತಡೆಯಲು ಈ ಜೀವಿಗಳಲ್ಲಿ ಹಲವು ಕೆಂಪು, ಕಿತ್ತಳೆ ಬಣ್ಣದ ಕ್ಯಾರೊಟಿನಾಯ್ಡ್‌ಗಳನ್ನು ತಯಾರಿಸಿಕೊಳ್ಳುತ್ತವೆ. 1956ರಲ್ಲಿ ಅಮೆರಿಕದಲ್ಲಿ, ವಿಕಿರಣ ಹಾಯಿಸಿದ ಮಾಂಸದ ಡಬ್ಬಿಯಲ್ಲೂ ಸಾಯದೆ ಉಳಿದ 'ಡೀನೋಕಾಕಸ್' ಸಿಕ್ಕಿತು. ಅದರ ಬಂಧುಗಳು ಸೋನೋರಾ ಮರುಭೂಮಿಯ ಮಣ್ಣಿನಲ್ಲೂ ಸಿಕ್ಕಿವೆ.

ಆದರೆ ಬ್ಯಾಕ್ಟೀರಿಯಾವನ್ನು ಬಿಸಿಲಿನಿಂದ ಕಾಯುವುದು ಬೇರೆ, ಮನುಷ್ಯನ ರಕ್ತನಾಳ ಕಾಯುವುದು ಬೇರೆ. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ 'ಹಾರ್ಟ್ ಪ್ರೊಟೆಕ್ಷನ್ ಸ್ಟಡಿ'ಯಲ್ಲಿ 20,536 ಜನ ಇದ್ದರು. ವಿಟಮಿನ್ ಇ, ಸಿ ಮತ್ತು ಬೀಟಾ ಕ್ಯಾರೊಟಿನ್ ಮಾತ್ರೆಗಳನ್ನು ಐದು ವರ್ಷ ನುಂಗಿದವರಿಗೆ ಹೃದಯಾಘಾತ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅದೇ ಅಧ್ಯಯನದಲ್ಲಿ ಸಿಮ್ವಾಸ್ಟಾಟಿನ್ ತೆಗೆದುಕೊಂಡವರಿಗೆ ಸುಮಾರು ಕಾಲು ಭಾಗ ಕಡಿಮೆಯಾಯಿತು. ಫಿನ್ಲೆಂಡಿನಲ್ಲಂತೂ ಬೀಟಾ ಕ್ಯಾರೊಟಿನ್ ಮಾತ್ರೆ ತಿಂದ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೇ ಆಯಿತು.

ಇಷ್ಟು ಹೇಳಲು ಕಾರಣವಿದೆ. ಗಾಜಿಯಾಬಾದಿನಲ್ಲಿರುವ, ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಸ್ಟೆಂಟ್ ಹಾಕಿಸಿ ನಾಲ್ಕು ತಿಂಗಳಿಗೆ ಇಂಥದೇ ಕ್ಯಾಪ್ಸೂಲ್ ಶುರುಮಾಡಿ, "ಇದೇ ಸಾಕಲ್ರೀ" ಅಂತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡೂ ಮಾತ್ರೆ ಬಿಟ್ಟರು. ಹತ್ತನೇ ದಿನ ನಡುರಾತ್ರಿ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿತು. ಜೀವ ಉಳಿಯಿತು. ಆದರೆ ಹೃದಯದ ಶಕ್ತಿ ಅರ್ಧಕ್ಕಿಳಿದಿದೆ, ಎರಡನೇ ಮಹಡಿ ಹತ್ತುವಷ್ಟರಲ್ಲಿ ಕೂರಬೇಕು.

ತಮಾಷೆಯೆಂದರೆ, ಅವರ ಸ್ಟೆಂಟ್ ಮೇಲಿದ್ದ ಔಷಧಿಯೂ ಮಣ್ಣಿನ ಬ್ಯಾಕ್ಟೀರಿಯಾದ್ದೇ! ಮರುಭೂಮಿಯದಲ್ಲ, ಪೆಸಿಫಿಕ್‌ನ ಈಸ್ಟರ್ ದ್ವೀಪದಿಂದ 1960ರ ದಶಕದಲ್ಲಿ ತಂದ ಮಣ್ಣಿನದು. ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಸುರೇಂದ್ರನಾಥ್ ಸೆಹಗಲ್ ಕೆನಡಾದಲ್ಲಿ ಅದರಿಂದ ರ್‍ಯಾಪಮೈಸಿನ್ ತೆಗೆದರು. ಸ್ಟೆಂಟ್‌ಗೆ ಬಂದದ್ದು ಮೂರು ದಶಕದ ಮೇಲೆ, ಸಾವಿರಾರು ರೋಗಿಗಳ ಪರೀಕ್ಷೆಯಾದ ಮೇಲೆ. ಇದು ಸ್ಟೆಂಟ್ ಸುತ್ತ ಮಾಂಸ ಬೆಳೆದು ಮತ್ತೆ ಬ್ಲಾಕ್ ಆಗುವುದನ್ನು ತಡೆಯುತ್ತದೆ. ಜೊತೆಗೆ ಒಳಗಿನ ಗಾಯ ಮಾಯುವುದೂ ನಿಧಾನ. ಅದಕ್ಕೇ ಆ ಎರಡು ಮಾತ್ರೆ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ. ಆಮೇಲೂ ಒಂದು ಮಾತ್ರೆ ಮುಂದುವರಿಯುತ್ತದೆ. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ನಿಮ್ಮ ಹೃದಯ ತಜ್ಞರೇ ಹೇಳಬೇಕು.

ಕ್ಯಾರೊಟಿನಾಯ್ಡ್ ಬೇಕೇ? ಚಳಿಗಾಲದಲ್ಲಿ ಇಲ್ಲಿನ ಸಬ್ಜಿ ಮಂಡಿಗೆ ಬರುವ ಕೆಂಪು ಗಜ್ಜರಿಯಲ್ಲಿ ಬೇಕಾದಷ್ಟಿದೆ. ಕೋಸಂಬರಿ ಮಾಡಿ (ಹಲ್ವಾ ಲೆಕ್ಕಕ್ಕಿಲ್ಲ!). ಆ ಕ್ಯಾಪ್ಸೂಲ್ ಬಾಟಲಿ ಈಗಾಗಲೇ ಮನೆಗೆ ಬಂದಿದ್ದರೆ, ಮುಂದಿನ ಚೆಕಪ್‌ಗೆ ಹಳೇ ಚೀಟಿಗಳ ಜೊತೆ ಅದನ್ನೂ ತನ್ನಿ.