ಸಂಭೂಯಸಮುತ್ಥಾನದಲ್ಲಿ ಉಳಿದ ಪಾಲುಗಾರನ ಅಧಿಕಾರ

ಹಲವರು ಕೂಡಿ ಲಾಭಾರ್ಥವಾಗಿ ನಡೆಯಿಸುವ ವ್ಯವಹಾರಕ್ಕೆ ಧರ್ಮಶಾಸ್ತ್ರಕಾರರು ಸಂಭೂಯಸಮುತ್ಥಾನವೆಂದು ಹೆಸರಿಟ್ಟಿರುವರು. ಮನುಸ್ಮೃತಿಯ 18 ವ್ಯವಹಾರಪದಗಳಲ್ಲಿ ಇದು ನಾಲ್ಕನೆಯದು. ಕೂಡಿದವರಲ್ಲೊಬ್ಬನು ತನ್ನ ಪಾಲನ್ನು ಪರನಿಗೆ ಕೊಟ್ಟುಬಿಟ್ಟರೆ ಉಳಿದವನ ಅಧಿಕಾರವೇನೆಂಬುದು ಇಲ್ಲಿ ವಿಚಾರಣೀಯವಾದ ವಿಷಯವು.

ಭೋಜ ಗ್ರಾಮದ ಇಬ್ಬರು ಸಮಪಾಲಿನಿಂದ ತಂಬಾಕನ್ನು ಕೊಂಡು ನಿಪ್ಪಾಣಿಯ ಪೇಟೆಯಲ್ಲಿ ಮಾರುವರೆಂದು ಭಾವಿಸೋಣ. ಒಬ್ಬನು ತನ್ನ ಪಾಲನ್ನೆಲ್ಲ ಸಾಲಗಾರನೊಬ್ಬನಿಗೆ ಬರೆದುಕೊಡುವನು. ಆ ಹೊಸಬನು ಅಂಗಡಿಗೆ ಬಂದು ಕೀರ್ದಿ-ಖಾತೆಗಳನ್ನು ಕೇಳಿದರೆ ಉಳಿದವನು ತೋರಿಸಬೇಕೆ?

ಯಾಜ್ಞವಲ್ಕ್ಯನು ಈ ಪ್ರಕರಣದಲ್ಲಿ ಪಾಲಿನ ವಿಕ್ರಯವನ್ನು ಬೇರೆಯಾಗಿ ಹೇಳಿಲ್ಲ. ಆದರೂ ಕುಟಿಲನಾದ ಪಾಲುಗಾರನನ್ನು ಲಾಭವಿಲ್ಲದೆ ಹೊರಗೆ ಹಾಕಬೇಕೆಂದೂ, ಅಶಕ್ತನಾದವನು ತನ್ನ ಕೆಲಸವನ್ನು ಬೇರೊಬ್ಬನಿಂದ ಮಾಡಿಸಬಹುದೆಂದೂ ವಿಧಿಸಿರುವನು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಆ ಕೆಲಸಗಳನ್ನು ವಿವರಿಸುತ್ತ, ಸರಕಿನ ಸಾಗಾಟವನ್ನೂ ಆಯವ್ಯಯಗಳ ಪರೀಕ್ಷೆಯನ್ನೂ ಎಣಿಸಿರುವನು. ಇಲ್ಲಿ ಬದಲಿಗೆ ಬಂದವನು ಅಶಕ್ತನ ಕೈಯಾಳೇ ಹೊರತು ಪಾಲುಗಾರನಲ್ಲ.

1932ನೆಯ ಇಸವಿಯ ಭಾರತೀಯ ಪಾಲುದಾರಿಕೆಯ ಕಾಯಿದೆಯು ಈ ವಿಷಯವನ್ನು ಸ್ಪಷ್ಟವಾಗಿಯೇ ಹೇಳುವುದು. 29ನೆಯ ಕಲಮಿನಂತೆ, ಕ್ರಯದಿಂದಾಗಲಿ ಅಡವಿನಿಂದಾಗಲಿ ಪಾಲನ್ನು ಪಡೆದವನು ವ್ಯಾಪಾರವು ನಡೆಯುತ್ತಿರುವವರೆಗೆ ಅದರ ಆಡಳಿತದಲ್ಲಿ ಕೈಹಾಕಲಾರನು, ಲೆಕ್ಕವನ್ನು ಕೇಳಲಾರನು, ಪುಸ್ತಕಗಳನ್ನು ನೋಡಲಾರನು. ಪಾಲುಗಾರರು ಒಪ್ಪಿದ ಲೆಕ್ಕದಂತೆ ಲಾಭಾಂಶವನ್ನು ಮಾತ್ರ ಪಡೆಯುವನು. ವರ್ಷದ ಲಾಭವು 600 ರೂಪಾಯಿಯೆಂದು ಅವರು ಒಪ್ಪಿದರೆ ಅವನಿಗೆ ಸಲ್ಲುವುದು 300 ರೂಪಾಯಿಯೇ. ಎಲ್ಲರ ಸಮ್ಮತಿಯಿಲ್ಲದೆ ಹೊಸಬನು ಪಾಲುಗಾರನಾಗಲಾರನೆಂಬುದು, ಬೇರೆ ಕರಾರಿಲ್ಲದಿರುವಲ್ಲಿ, 31ನೆಯ ಕಲಮಿನ ನಿಯಮವು. ಪಾಲನ್ನು ಕೊಟ್ಟ ಮಾತ್ರಕ್ಕೆ ಹಳೆಯವನ ಪಾಲುಗಾರಿಕೆಯು ಅಳಿಯದು; ಆದಕಾರಣ ವ್ಯಾಪಾರದ ಸಾಲಗಳ ಹೊಣೆಯು ಅವನನ್ನು ಬಿಡದು.

ಹೀಗಿರಲು ಉಳಿದವನ ಮುಂದೆ ಮೂರು ಮಾರ್ಗಗಳಿವೆ. ಹೊಸಬನನ್ನು ಲಾಭಾಂಶದ ಮಟ್ಟಿಗೆ ನಿಲ್ಲಿಸಿ ವ್ಯಾಪಾರವನ್ನು ನಡೆಯಿಸಬಹುದು; ಮನಸ್ಸೊಪ್ಪಿದರೆ, ಹಳೆಯವನ ಸಮ್ಮತಿಯೊಡನೆ, ಅವನನ್ನು ಪಾಲುಗಾರನನ್ನಾಗಿ ಸ್ವೀಕರಿಸಬಹುದು; ಇಲ್ಲವೆ, ಪಾಲೆಲ್ಲವೂ ಪರಾಧೀನವಾಗಿರುವುದರಿಂದ, 44ನೆಯ ಕಲಮಿನಂತೆ ವಿಸರ್ಜನೆಗಾಗಿ ನ್ಯಾಯಾಲಯವನ್ನು ಬೇಡಬಹುದು. ಅವಧಿಯ ಕರಾರಿಲ್ಲದ ಪಾಲುಗಾರಿಕೆಯಾದರೆ ಲಿಖಿತ ಸೂಚನೆಯೇ ಸಾಕು. ಆದರೆ ಮೂರನೆಯ ಮಾರ್ಗವನ್ನು ಹಿಡಿಯುವವನು ಫಲವನ್ನು ಅರಿತಿರಬೇಕು: ವಿಸರ್ಜನೆಯಾದೊಡನೆ ಹೊಸಬನಿಗೆ ಆಸ್ತಿಯಲ್ಲಿ ಪಾಲೂ, ಆ ದಿನದಿಂದ ಲೆಕ್ಕವನ್ನು ಕೇಳುವ ಹಕ್ಕೂ ಹುಟ್ಟುವುವು. ಮೊದಲು ಹೊರಗಿನವರ ಸಾಲಗಳು ತೀರಬೇಕು. ಬಳಿಕ ಪಾಲುಗಾರರ ಮುಂಗಡಗಳು, ಮೂಲಧನಗಳು. ಕಡೆಗೆ ಉಳಿದುದು ಹಂಚಲ್ಪಡುವುದು.

ಮಾರುವ ಪಾಲನ್ನು ತಾನೇ ಮೊದಲು ಕೊಳ್ಳುವ ಹಕ್ಕನ್ನು ಕಾಯಿದೆಯು ಉಳಿದವನಿಗೆ ಕೊಟ್ಟಿಲ್ಲ. ಅದು ಬೇಕಾದವರು ಕೂಡುವಾಗಲೇ ಕರಾರಿನಲ್ಲಿ ಬರೆದುಕೊಳ್ಳತಕ್ಕದ್ದು.

ಧನವು ಕೈಯಿಂದ ಕೈಗೆ ಹೋಗಬಹುದು. ವಿಶ್ವಾಸವು ಹಾಗೆ ಹೋಗಲಾರದು. ಸ್ಮೃತಿಯು ಕುಟಿಲನನ್ನು ಹೊರಗೆ ಹಾಕಿಸುವುದೂ, ಕಾಯಿದೆಯು ಅಪರಿಚಿತನನ್ನು ಬಾಗಿಲಲ್ಲಿ ತಡೆಯುವುದೂ ಈ ಒಂದೇ ತತ್ತ್ವದಿಂದ.