ಅಪ್ಪನ ಮಣಿಕಟ್ಟಿಗೆ ಯಾವ ಬಣ್ಣದ ಡ್ರಿಲ್?

ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಬಲಗೈ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿತ್ತು. "ಏನಾಯ್ತಪ್ಪಾ?" ಅಂದೆ. "ಏನಿಲ್ಲ ಕಣಮ್ಮ, ಸ್ವಲ್ಪ ಉಳುಕಿದೆ" ಅಂದರು. ಅಮ್ಮ ಅಡುಗೆಮನೆಯಿಂದಲೇ "ಎರಡು ತಿಂಗಳಿಂದ ಉಳುಕ್ತಾನೇ ಇದೆ, ಕೇಳು ನಿಮ್ಮಪ್ಪನ್ನ" ಅಂತ ಕೂಗಿದರು.

ಅಪ್ಪ ತಿಪಟೂರಿನ ಕಡೆ ಮರಗೆಲಸ ಮಾಡುವವರು. ವಯಸ್ಸು 58. ಉಳಿ, ಕೊಡತಿ ಹಿಡಿದು ಬಾಗಿಲು, ಕಿಟಕಿ ಮಾಡಿಕೊಂಡಿದ್ದವರು ಈಗ ಎಲ್ಲರಂತೆ ಪ್ಲೈವುಡ್ ವಾರ್ಡ್‌ರೋಬು, ಮಾಡ್ಯುಲರ್ ಕಿಚನ್ನು ಅಂತ ಒಪ್ಪಿಕೊಳ್ತಾರೆ. ಒಂದು ಲೆಕ್ಕ ಹಾಕಿ ನೋಡಿ. ಅಡುಗೆಮನೆಗೆ 20 ಬಾಗಿಲು, ಬಾಗಿಲಿಗೆ ಎರಡು ಹಿಂಜು, ಹಿಂಜಿಗೆ ನಾಲ್ಕು ಸ್ಕ್ರೂ. ಅಲ್ಲಿಗೇ 160 ಆಯ್ತು. ಡ್ರಾಯರ್ ಚಾನಲ್ಲು, ಹಿಡಿಕೆ, ಗೋಡೆಯ ಕ್ಲಾಂಪು ಇನ್ನೂ ಬಾಕಿ. ಅಪ್ಪನ ಹತ್ತಿರ ಇದ್ದದ್ದು ವೈರಿನ ಡ್ರಿಲ್ ಮೆಷಿನ್. ಅದಕ್ಕೆ ಸ್ಕ್ರೂ ಬಿಗಿಯಾದಾಗ ತಾನೇ ನಿಲ್ಲುವ ಕ್ಲಚ್ ಇಲ್ಲ. ಅದರಲ್ಲಿ ತೂತು ಹಾಕಿ, ಸ್ಕ್ರೂವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ವರ್ಷಗಟ್ಟಲೆ. ಡಾಕ್ಟರು ತಿರುಚುವ ಕೆಲಸ ಕಮ್ಮಿ ಮಾಡಿ ಅಂದಿದ್ದರಂತೆ. ಮಾಡದಿದ್ದರೆ ಮನೆ ಹೇಗೆ ನಡೀಬೇಕು?

ಬ್ಯಾಟರಿ ಡ್ರಿಲ್ ತೆಗೆಸಿಕೊಡ್ತೀನಿ ಅಂದರೆ ಅಪ್ಪ ಸುತಾರಾಂ ಒಪ್ಪಲಿಲ್ಲ. ಅದಕ್ಕೊಂದು ಹಳೇ ಕಥೆ ಇದೆ. ಎರಡು ವರ್ಷದ ಹಿಂದೆ ನ್ಯೂಜೆರ್ಸಿಯಲ್ಲಿರುವ ಚಿಕ್ಕಮ್ಮನ ಮಗ ಬರುವಾಗ ಅಪ್ಪನಿಗೆ ಅಂತ ಒಂದು ಕಾರ್ಡ್‌ಲೆಸ್ ಕಿಟ್ ತಂದಿದ್ದ. ಕಂಪನಿ ಹೆಸರು ಬೇಡ ಬಿಡಿ, ತಪ್ಪು ಪೂರ್ತಿ ನಮ್ಮದೇ. ಅಮೆರಿಕದ ಚಾರ್ಜರು 120 ವೋಲ್ಟಿನದು, ನಮ್ಮ ಪ್ಲಗ್ಗಿನಲ್ಲಿ ಬರೋದು 230. ಪಿನ್ನಿಗೆ ಅಡಾಪ್ಟರ್ ಸಿಕ್ಕಿಸಿ ಹಾಕಿದೆವು. ಟಪ್ ಅಂತ ಸದ್ದು, ಸುಟ್ಟ ವಾಸನೆ. ಇಲ್ಲಿಗೆ ಹೊಂದುವ ಚಾರ್ಜರ್ ಬೇರೆ ಕೊಳ್ಳಬಹುದಿತ್ತು ಅನ್ನೋದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅಪ್ಪನ ಮನಸ್ಸು ಮುರಿದಿತ್ತು. "ಬ್ಯಾಟರಿ ಮೆಷಿನ್ ಸಹವಾಸ ಸಾಕು" ಅಂತ ಡಬ್ಬವನ್ನು ಅಟ್ಟಕ್ಕೆ ಏರಿಸಿದರು. (ಫಾರಿನ್‌ನಿಂದ ಯಾರಾದರೂ ತರ್ತೀನಿ ಅಂದರೆ ಮೊದಲು ಚಾರ್ಜರಿನ ಬೆನ್ನಿನ ಫೋಟೋ ತರಿಸಿಕೊಂಡು ಓದಿ.)

ಈ ಸಲ ನನಗೆ ಬೋನಸ್ ಬಂದಿತ್ತು. 40,000 ರೂಪಾಯಿ ತೆಗೆದಿಟ್ಟೆ. ಆಮೇಲೆ ನಿಮ್ಮ ಹಾಗೇ ನಾನೂ ರಾತ್ರಿ ಹನ್ನೆರಡರವರೆಗೆ ಫೋನಿನಲ್ಲಿ ವಿಡಿಯೋ ನೋಡುತ್ತಾ ಕೂತೆ. ಅಮೆರಿಕದವರ ವಿಡಿಯೋಗಳಲ್ಲಿ ಮಿಲ್ವಾಕಿಯ ಕೆಂಪು ಮೆಷಿನ್ನೇ ಹೀರೋ. ದೊಡ್ಡ ದೊಡ್ಡ ಬಿಲ್ಡಿಂಗ್ ಕಂಟ್ರಾಕ್ಟರುಗಳ ಮಾತಿನಲ್ಲಿ ಹಿಲ್ಟಿ. ಅದು ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ದೇಶದ ಕಂಪನಿ, ಕಾಂಕ್ರೀಟ್ ಕೆಲಸಕ್ಕೆ ಹೆಸರುವಾಸಿ. ಹಿಂಜು ಕೂರಿಸುವ ಅಪ್ಪನಿಗೆ ಅದು ದೂರದ ಮಾತು. ಕೊನೆಗೆ ನನ್ನ ಲಿಸ್ಟಿನಲ್ಲಿ ಉಳಿದದ್ದು ಮೂರು ಬಣ್ಣ: ಬಾಷ್‌ನ ನೀಲಿ, ಮಕಿಟಾದ ಹಸಿರುನೀಲಿ, ಡಿವಾಲ್ಟ್‌ನ ಹಳದಿ.

ಮೂರಕ್ಕೂ ಒಳ್ಳೆಯ ಮನೆತನವೇ. ಬಾಷ್ ಶುರುವಾದದ್ದು 1886ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಬೆಂಗಳೂರಿನ ಹಿರಿಯರಿಗೆ ಬಾಷ್ ಅನ್ನೋದಕ್ಕಿಂತ ಮೈಕೋ ಅಂದರೆ ಬೇಗ ಗೊತ್ತಾಗುತ್ತೆ. 1951ರಲ್ಲಿ ಶುರುವಾದ ಅದೇ ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡದ್ದು. ಮಕಿಟಾ 1915ರಲ್ಲಿ ಜಪಾನಿನ ನಗೋಯಾದಲ್ಲಿ ಮೋಟಾರ್ ರಿಪೇರಿ ಅಂಗಡಿಯಾಗಿ ಹುಟ್ಟಿತು. ಜಪಾನಿನಲ್ಲಿ ಕೈಯಲ್ಲಿ ಹಿಡಿಯುವ ಕರೆಂಟಿನ ಹತ್ತರಿ ಮೊದಲು ಮಾರಿದ್ದು ಅವರೇ, 1958ರಲ್ಲಿ. ಇದನ್ನು ಹೇಳಿದಾಗ ಮಾತ್ರ ಅಪ್ಪ ಸ್ವಲ್ಪ ಕಿವಿಗೊಟ್ಟರು. ಡಿವಾಲ್ಟ್ 1924ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮರ ಕುಯ್ಯುವ ಮೆಷಿನ್ನಿನಿಂದ ಆರಂಭವಾಯಿತು. ಮುಂದೆ ಬ್ಲ್ಯಾಕ್ ಅಂಡ್ ಡೆಕರ್ ಅದನ್ನು ಕೊಂಡುಕೊಂಡಿತು. ಇದನ್ನೆಲ್ಲ ಎಕ್ಸೆಲ್ ಶೀಟಿನಲ್ಲಿ ಹಾಕಿ, ಅಂಕ ಕೊಟ್ಟು, ಕೂಡಿಸಿ ನೋಡಿದೆ. ಮೂರಕ್ಕೂ ಹೆಚ್ಚುಕಮ್ಮಿ ಅಷ್ಟೇ ಅಂಕ. ಟೆಸ್ಟಿಂಗ್ ಕೆಲಸ ಮಾಡುವವಳ ಬುದ್ಧಿ ಇಷ್ಟೇ ಅಂತ ಶೀಟು ಮುಚ್ಚಿದೆ.

ಒಂದು ಶನಿವಾರ ಅಪ್ಪನನ್ನೇ ಬೆಂಗಳೂರಿಗೆ ಕರೆಸಿಕೊಂಡು ಎಸ್‌ಜೆಪಿ ರಸ್ತೆಗೆ ಹೋದೆ. ಒಂದು ಅಂಗಡಿಯವರು ತಾಳ್ಮೆಯ ಮನುಷ್ಯ. ಮೂರನ್ನೂ ಕೌಂಟರ್ ಮೇಲಿಟ್ಟು "ಯಜಮಾನ್ರೇ, ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಮಾತಾಡೋಣ" ಅಂದರು.

ನಾನು ಮಾತ್ರ ಸುಮ್ಮನಿರದೆ "ಇದು 20 ವೋಲ್ಟ್, ಅವೆರಡು 18. ಇದಕ್ಕೇ ಪವರ್ ಜಾಸ್ತಿ ಅಲ್ವಾ?" ಅಂದೆ. ಅವರು ನಕ್ಕುಬಿಟ್ಟರು. ಈ ಬ್ಯಾಟರಿಗಳೊಳಗೆ ಲಿಥಿಯಂ ಸೆಲ್ಲುಗಳು ಐದೈದರ ಸಾಲಿನಲ್ಲಿ ಇರುತ್ತವೆ. ಒಂದು ಸೆಲ್ಲಿನ ಸಾಮಾನ್ಯ ಲೆಕ್ಕ 3.6 ವೋಲ್ಟ್, ಐದಕ್ಕೆ 18. ಚಾರ್ಜ್ ತುಂಬಿದ ಗಳಿಗೆಯಲ್ಲಿ ಒಂದೊಂದೂ 4ರ ಮೇಲೆ ಏರುತ್ತೆ, ಆಗ ಒಟ್ಟು 20. ಡಿವಾಲ್ಟ್ ಅಮೆರಿಕದಲ್ಲಿ 20 ವೋಲ್ಟ್ ಮ್ಯಾಕ್ಸ್ ಅಂತ ಬರೆಯೋದನ್ನೇ ಯುರೋಪಿನಲ್ಲಿ 18 ಅಂತ ಬರೆಯುತ್ತೆ. ಮೂರು ಸೆಲ್ಲಿನ ಚಿಕ್ಕ ಮೆಷಿನ್ನುಗಳ ಕಥೆಯೂ ಹಾಗೇ. ಬಾಷ್ ಮೊದಲು 10.8 ಅಂತ ಬರೆಯುತ್ತಿದ್ದದ್ದೇ ಈಗ 12 ವೋಲ್ಟ್. ಸಾಮಾನು ಅದೇ, ಚೀಟಿ ಬೇರೆ.

ಎರಡನೇ ಪಾಠ ಟಾರ್ಕಿನದು. ವಿಡಿಯೋಗಳಲ್ಲಿ ಎಲ್ಲರೂ ಹೊಡೆದಾಡೋದು ಇದರ ಮೇಲೇ: ಇದಕ್ಕೆ 50 ನ್ಯೂಟನ್ ಮೀಟರ್, ಅದಕ್ಕೆ 70, ಇನ್ನೊಂದಕ್ಕೆ 130. ನಾನು ಜಾಸ್ತಿ ಇರೋದೇ ಕೊಡಿ ಅಂದೆ. ಅಂಗಡಿಯವರು ಅಪ್ಪನ ಬ್ಯಾಂಡೇಜ್ ನೋಡಿ "ಬೇಡ ಮೇಡಂ" ಅಂದರು. ಡ್ರಿಲ್ಲಿನ ಬಿಟ್ಟು ಗಟ್ಟಿ ಮರದಲ್ಲೋ ಕಬ್ಬಿಣದಲ್ಲೋ ಕಚ್ಚಿಕೊಂಡು ನಿಂತರೆ, ಆ ಬಲವೆಲ್ಲ ಮೆಷಿನ್ನನ್ನೇ ತಿರುಗಿಸುತ್ತೆ. ಹಿಡಿದವರ ಮಣಿಕಟ್ಟು ಅದರ ಜೊತೆ ತಿರುಗುತ್ತೆ. ಬಲ ಹೆಚ್ಚಾದಷ್ಟೂ ಒದೆತ ಹೆಚ್ಚು. ಹೀಗಾದಾಗ ಮೋಟಾರನ್ನು ತಟ್ಟನೆ ನಿಲ್ಲಿಸುವ ವ್ಯವಸ್ಥೆ ಕೆಲವು ದುಬಾರಿ ಮಾಡೆಲ್ಲುಗಳಲ್ಲಿದೆ, ಎಲ್ಲದರಲ್ಲೂ ಇಲ್ಲ. ಪ್ಲೈವುಡ್ಡಿಗೆ ಹಿಂಜು ಕೂರಿಸೋಕೆ 50 ನ್ಯೂಟನ್ ಮೀಟರೇ ಬೇಕಾದ್ದಕ್ಕಿಂತ ಜಾಸ್ತಿ.

ಉದ್ದ ಸ್ಕ್ರೂಗಳಿಗೆ ಅವರು ತೋರಿಸಿದ್ದು ಇಂಪ್ಯಾಕ್ಟ್ ಡ್ರೈವರ್. ನೋಡೋಕೆ ಗಿಡ್ಡ, ಮುಂದೆ ಚಕ್ ಬದಲು ಕಾಲಿಂಚಿನ ಆರುಮೂಲೆ ಬಿಟ್ ಸಿಕ್ಕಿಸುವ ಬಾಯಿ. ಇದು ಒಂದೇ ಸಮನೆ ತಿರುಚುವುದಿಲ್ಲ. ಸ್ಕ್ರೂ ಬಿಗಿಯಾಗತೊಡಗಿದಾಗ ಒಳಗಿನ ಸುತ್ತಿಗೆ ತಿರುಗುವ ದಿಕ್ಕಿನಲ್ಲೇ ಟಕಟಕ ಏಟು ಕೊಡುತ್ತೆ. ಹಾಗಾಗಿ ಕೈಗೆ ಬರುವ ತಿರುಚು ಬಹಳ ಕಡಿಮೆ. ಒಂದು ಮರದ ತುಂಡಿಗೆ ಮೂರಿಂಚಿನ ಸ್ಕ್ರೂ ಹೊಡೆದು ನೋಡಿ ಅಂತ ಅಪ್ಪನ ಕೈಗೆ ಕೊಟ್ಟರು. ಹೊಡೆದರು. ಇನ್ನೊಂದು ಹೊಡೆದರು. ಮೂರನೆಯದನ್ನು ಯಾರೂ ಹೇಳದೆಯೇ ಹೊಡೆದರು. ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. "ಸದ್ದು ಜಾಸ್ತಿ" ಅಂತ ಮಾತ್ರ ಅಂದರು. ಅದು ನಿಜವೇ, ಕಿವಿಗೆ ಹತ್ತಿ ಬೇಕು. ಮತ್ತೊಂದು ತೊಂದರೆ, ಇದಕ್ಕೆ ಸಾಮಾನ್ಯವಾಗಿ ಕ್ಲಚ್ ಇರೋದಿಲ್ಲ. ಎಂಡಿಎಫ್ ಹಲಗೆಗೆ ಚಿಕ್ಕ ಸ್ಕ್ರೂ ಹಾಕುವಾಗ ಎಚ್ಚರ ತಪ್ಪಿದರೆ ತಲೆ ಒಳಗೇ ಹೂತುಹೋಗುತ್ತೆ. ಆದ್ದರಿಂದ ಹಿಂಜಿಗೆ ಕ್ಲಚ್ ಇರುವ ಡ್ರಿಲ್ಲು, ಉದ್ದ ಸ್ಕ್ರೂಗೆ ಇದು.

ಅಂದರೆ ಎರಡು ಮೆಷಿನ್ ಬೇಕು. ಬಜೆಟ್ಟು ಎಲ್ಲಿಗೆ ಹೋಗುತ್ತೋ ಅಂತ ಎದೆ ಢವಗುಟ್ಟಿತು. ಸಮಾಧಾನ ಏನಂದರೆ, ಎರಡನೆಯದನ್ನು ಬ್ಯಾಟರಿ, ಚಾರ್ಜರ್ ಇಲ್ಲದೆ ಬರೀ ಮೆಷಿನ್ ಆಗಿ ಕೊಳ್ಳಬಹುದು. ಅಂಗಡಿಯಲ್ಲಿ ಸೋಲೋ ಅಂತಾರೆ. ಆದರೆ ಒಂದೇ ಬ್ಯಾಟರಿ ಎರಡಕ್ಕೂ ಕೂರಬೇಕು. ಕೊಳ್ಳೋದು ಡ್ರಿಲ್ಲಲ್ಲ, ಬ್ಯಾಟರಿ ಅನ್ನೋದು ನನಗೆ ಅರ್ಥವಾದದ್ದು ಅಲ್ಲಿ. ಮೊದಲ ಕಿಟ್ ಯಾವ ಬಣ್ಣದ್ದೋ ಮುಂದಿನ ಹತ್ತು ವರ್ಷ ಗ್ರೈಂಡರು, ಗರಗಸ ಎಲ್ಲ ಅದೇ ಬಣ್ಣದ್ದು. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರೋದಿಲ್ಲ. ಕೂರಿಸುವ ಅಡಾಪ್ಟರುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಹೊಟ್ಟೆಪಾಡಿನ ಮೆಷಿನ್ನಿಗೆ ನಾನಂತೂ ಹಾಕೋಲ್ಲ.

ಆಗ ಅಪ್ಪ ಮೊದಲ ಸಲ ಬಾಯಿಬಿಟ್ಟರು. "ದೊಡ್ಡಪ್ಪನ ಮಗನ ಹತ್ರ ಯಾವುದಿದೆ ಕೇಳಮ್ಮ." ಅಣ್ಣನೂ ಅದೇ ಕೆಲಸದವನು, ದೊಡ್ಡ ಆರ್ಡರ್ ಬಂದರೆ ಇಬ್ಬರೂ ಸೇರಿ ಮಾಡ್ತಾರೆ. ಫೋನ್ ಹಚ್ಚಿದೆ. ಅವನ ಹತ್ತಿರ ಮಕಿಟಾದ ಗ್ರೈಂಡರ್, ಡ್ರಿಲ್ಲು, ಮೂರು ಬ್ಯಾಟರಿ. ರಿಪೇರಿ ಮಾಡುವವರು ಎಲ್ಲಿ ಸಿಗ್ತಾರೆ, ಬಸ್ಸಿನಲ್ಲಿ ಎಷ್ಟು ಹೊತ್ತು, ಎಲ್ಲ ಅವನಿಗೆ ಗೊತ್ತು. ನನ್ನ ಎಕ್ಸೆಲ್ ಶೀಟಿನಲ್ಲಿ ಈ ಕಾಲಂ ಇರಲೇ ಇಲ್ಲ. ಅಣ್ಣನ ಹತ್ತಿರ ಬಾಷ್ ಇದ್ದಿದ್ದರೆ ನೀಲಿ ತಗೋತಿದ್ದೆವು, ಡಿವಾಲ್ಟ್ ಇದ್ದಿದ್ದರೆ ಹಳದಿ. ಅಪ್ಪನಂಥವರ ಕೆಲಸಕ್ಕೆ ಈ ಮೂರರ ನಡುವೆ ಇರುವ ವ್ಯತ್ಯಾಸ, ಪಕ್ಕದಲ್ಲಿ ಕೆಲಸ ಮಾಡುವವನ ಬ್ಯಾಟರಿ ನಮಗೆ ಕೂರುತ್ತಾ ಇಲ್ಲವಾ ಅನ್ನುವಷ್ಟು ದೊಡ್ಡದಲ್ಲ.

ಮಕಿಟಾ ಅಂತ ತೀರ್ಮಾನವಾದ ಮೇಲೂ ಒಂದು ಕಡೆ ಕಾಲು ಜಾರುತ್ತಿತ್ತು. ಕಪಾಟಿನಲ್ಲಿ ಅದೇ ಬಣ್ಣದ, ಅದೇ 18 ವೋಲ್ಟಿನ, ಕಮ್ಮಿ ಬೆಲೆಯ ಕಿಟ್ಟೊಂದಿತ್ತು. "ಇದೇ ಸಾಕಲ್ವಾ?" ಅಂದೆ. ಅಂಗಡಿಯವರು ಬ್ಯಾಟರಿ ತಿರುಗಿಸಿ ನಂಬರ್ ತೋರಿಸಿದರು. ಕೊನೆಯಲ್ಲಿ ಜಿ ಅಕ್ಷರ. ಅದು ಬೇರೆ ಸರಣಿ, ಅಣ್ಣನ ಹತ್ತಿರ ಇರುವ ಎಲ್‌ಎಕ್ಸ್‌ಟಿ ಮೆಷಿನ್ನಿಗೆ ಕೂರೋದಿಲ್ಲ. 40 ವೋಲ್ಟಿನ ಎಕ್ಸ್‌ಜಿಟಿ ಮತ್ತೂ ಬೇರೆ. ಮನೆಬಳಕೆಯ ಒಂದು ಡ್ರಿಲ್ಲು ಸಾಕು ಅನ್ನುವವರಿಗೆ ಜಿ ಸರಣಿ ಧಾರಾಳವಾಗಿ ಆಗುತ್ತೆ. ನಮಗೆ ಆಗುತ್ತಿರಲಿಲ್ಲ. ಬಾಷ್ ಕೊಳ್ಳುವವರೂ ಹೀಗೇ ನೋಡಿಕೊಳ್ಳಿ: ಮನೆಬಳಕೆಯ ಹಸಿರು ಬಣ್ಣದ 18 ವೋಲ್ಟ್ ಬ್ಯಾಟರಿ, ಕಸುಬುದಾರರ ನೀಲಿ ಮೆಷಿನ್ನಿಗೆ ಹೋಗೋದಿಲ್ಲ.

ಬ್ಯಾಟರಿ ಎಷ್ಟರದು? ನಾನು 5 ಆಂಪಿಯರ್ ಅವರ್ ಅಂತಿದ್ದೆ. ಅದರೊಳಗೆ ಹತ್ತು ಸೆಲ್ಲು, 2ರದರಲ್ಲಿ ಐದೇ. ಹೆಚ್ಚುಕಮ್ಮಿ ಕಾಲು ಕಿಲೋ ವ್ಯತ್ಯಾಸ. ಏಣಿ ಮೇಲೆ ಕೈ ಎತ್ತಿ ದಿನವಿಡೀ ಹಿಡಿಯೋರಿಗೆ ಕಾಲು ಕಿಲೋ ಅಂದರೆ ಎಷ್ಟು ಅಂತ ಅಪ್ಪನ ಕೈಗೇ ಗೊತ್ತಾಯಿತು. ಕಾರ್ಬನ್ ಬ್ರಶ್ ಇಲ್ಲದ ಬ್ರಶ್‌ಲೆಸ್ ಮೋಟಾರು ಒಂದೇ ಚಾರ್ಜಿನಲ್ಲಿ ಹೆಚ್ಚು ಕೆಲಸ ಮಾಡುತ್ತೆ, ಕಾರ್ಬನ್ ಬದಲಿಸುವ ರಗಳೆಯೂ ಇಲ್ಲ. ಹಾಗಾಗಿ ಬ್ರಶ್‌ಲೆಸ್ ಡ್ರಿಲ್ಲಿನ ಕಿಟ್ಟು, ಹಗುರದ ಎರಡು ಬ್ಯಾಟರಿ, ಸೋಲೋ ಇಂಪ್ಯಾಕ್ಟ್ ಡ್ರೈವರ್. ಹಣದಲ್ಲಿ ಸ್ವಲ್ಪ ಮಿಕ್ಕಿತು, ಬಿಟ್ ಸೆಟ್ಟಿಗೆ ಮತ್ತು ಕಾಮತ್ ಊಟಕ್ಕೆ.

ಒಂದು ಮಾತು. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೂ ಕಮ್ಮಿಗೆ ಬ್ಯಾಟರಿ ಕಂಡರೆ ಕೈ ಹಾಕಬೇಡಿ. ಅಣ್ಣ ಒಮ್ಮೆ ಹಾಗೆ ತರಿಸಿದ್ದ. 6 ಆಂಪಿಯರ್ ಅಂತ ಬರೆದಿದ್ದದ್ದು ಅವನ ಹಳೇ 3ರದಕ್ಕಿಂತ ಹಗುರವಾಗಿತ್ತು, ಮೂರು ವಾರಕ್ಕೆ ಚಾರ್ಜೇ ಹಿಡಿಯಲಿಲ್ಲ. ಬಿಲ್ಲು ಇರಲಿಲ್ಲ, ಕೇಳೋಕೆ ಯಾರೂ ಇರಲಿಲ್ಲ. ನಾವು ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡೇ ಹೊರಟೆವು.

ಮೊನ್ನೆ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಕೈಯಲ್ಲಿ ಬ್ಯಾಂಡೇಜ್ ಇರಲಿಲ್ಲ. ನೋವು ಪೂರ್ತಿ ಹೋಗಿಲ್ಲವಂತೆ, ಕೊಡತಿ ಹಿಡಿದ ದಿನ ಸಂಜೆ ಎಣ್ಣೆ ಹಚ್ಚಬೇಕು. ಸ್ಕ್ರೂಡ್ರೈವರ್ ಮಾತ್ರ ಡಬ್ಬದ ತಳ ಸೇರಿದೆ. ಎರಡೂ ಬ್ಯಾಟರಿಯ ಮೇಲೆ ಬಿಳಿ ಪೇಂಟಿನಲ್ಲಿ ಏನೋ ಗೀಚಿತ್ತು. ಹತ್ತಿರ ಹಿಡಿದು ನೋಡಿದರೆ ನನ್ನ ಹೆಸರಿನ ಮೊದಲ ಅಕ್ಷರ. "ಅಣ್ಣಂದೂ ನಮ್ಮದೂ ಅದಲುಬದಲು ಆಗ್ತಿತ್ತು, ಅದಕ್ಕೆ" ಅಂದರು ಅಪ್ಪ, ಬೇರೆಲ್ಲೋ ನೋಡುತ್ತಾ.