ತಾಳಗುಂದದ ಕಂಬ ಹೇಳುವ ಕತ್ತಲ ಕಾಳಗ

ಸೊರಬ ತಾಲ್ಲೂಕಿನ ಹೋಬಳಿ ಊರು ಕುಪ್ಪಗಡ್ಡೆ. ಈ ಸೀಮೆಯವರಿಗೆ ವೀರಗಲ್ಲು ಹೊಸತಲ್ಲ. ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಕೆಲವೊಮ್ಮೆ ಗದ್ದೆಯ ಬದುವಿನಲ್ಲೂ ನಿಂತಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಅದು ಸತ್ತವನ ಕಥೆ. ಗೆದ್ದವನ ಕಥೆ ಬೇಕೆಂದರೆ ಪಕ್ಕದ ಶಿಕಾರಿಪುರ ತಾಲ್ಲೂಕಿಗೆ, ಶಿರಾಳಕೊಪ್ಪದ ಹತ್ತಿರದ ತಾಳಗುಂದಕ್ಕೆ ಹೋಗಬೇಕು.

ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದೆ ಎಂಟು ಮುಖದ ಕಲ್ಲುಕಂಬವಿದೆ. ಕದಂಬ ಕಾಕುಸ್ಥವರ್ಮ ತೋಡಿಸಿದ ಕೆರೆಯ ನೆನಪಿಗೆ ಅವನ ಮಗ ಶಾಂತಿವರ್ಮನ ಕಾಲದಲ್ಲಿ, 5ನೇ ಶತಮಾನದಲ್ಲಿ, ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನ ಅದರ ಮೇಲಿದೆ. ಕೆರೆಯ ಮಾತಿಗೆ ಬರುವ ಮೊದಲು ಕವಿ ವಂಶದ ಮೂಲಪುರುಷ ಮಯೂರಶರ್ಮನ ಕಥೆ ಹೇಳುತ್ತಾನೆ.

ಗುರು ವೀರಶರ್ಮನೊಂದಿಗೆ ಓದಲು ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಪೀಠಕ್ಕೆ, ಹೋದ ಬ್ರಾಹ್ಮಣ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು. ಅಶ್ವಮೇಧದ ಕಾರಣಕ್ಕೆ ಆದ ಜಗಳ ಎನ್ನುವವರೂ ಇದ್ದಾರೆ. ಅಂತೂ ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ಗಡಿಯ ಕಾವಲಿನವರನ್ನು ಸೋಲಿಸಿ ಶ್ರೀಪರ್ವತದವರೆಗಿನ, ಅಂದರೆ ಇಂದಿನ ಶ್ರೀಶೈಲದ ಕಡೆಯ, ದಟ್ಟ ಕಾಡನ್ನು ಸೇರಿಕೊಂಡ. ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪ ವಸೂಲಿ ಮಾಡಿದ. ಪಲ್ಲವರು ದಂಡೆತ್ತಿ ಬಂದಾಗ ಬಯಲಿಗೆ ಇಳಿಯಲಿಲ್ಲ. ದುರ್ಗಮ ಜಾಗದಲ್ಲಿ ತಂಗುತ್ತ, ಇರುಳಲ್ಲಿ ಗಿಡುಗದಂತೆ ಅವರ ಸೇನೆಯ ಮೇಲೆ ಎರಗಿದ.

ನನಗೆ ಬೆರಗು ಇಲ್ಲೇ. ಕುಬ್ಜ ಆಸ್ಥಾನದ ಕವಿ. ಒಡೆಯನ ಮುತ್ತಜ್ಜನ ಅಪ್ಪ ನಡುಹಗಲಲ್ಲಿ ಆನೆ ಕುದುರೆಗಳ ದಂಡನ್ನು ಸೀಳಿದನೆಂದು ಬರೆದಿದ್ದರೆ ತಡೆಯುವವರು ಯಾರು? ಅವನು ಇರುಳ ದಾಳಿಯನ್ನೇ ಹೊಗಳಿದ. ಕೌಟಿಲ್ಯ ಕೂಟಯುದ್ಧದಲ್ಲಿ, ಅಂದರೆ ಕಪಟದ ಕಾಳಗದಲ್ಲಿ, ಇಂಥದ್ದಕ್ಕೆ ಜಾಗ ಕೊಟ್ಟಿದ್ದಾನೆ, ನಿಜ. ಆದರೆ ಜನಮನಸ್ಸಿನಲ್ಲಿ ಇರುಳಲ್ಲಿ ಶಿಬಿರಕ್ಕೆ ನುಗ್ಗಿದ ಬ್ರಾಹ್ಮಣನೆಂದರೆ ಅಶ್ವತ್ಥಾಮ. ಅವನಿಗೆ ಸಿಕ್ಕಿದ್ದು ಶಾಪ. ಮಯೂರಶರ್ಮನಿಗೆ ರಾಜ್ಯ ಸಿಕ್ಕಿತು. ಇವನನ್ನು ಅಳಿಸಿ ಲಾಭವಿಲ್ಲವೆಂದು ಕಂಡ ಪಲ್ಲವರು ಗೆಳೆತನ ಬೆಳೆಸಿದರು, ಪಡುಗಡಲಿನಿಂದ ಶಾಸನ ಪ್ರೇಹರ ಎಂದು ಕರೆಯುವ ಎಲ್ಲೆಯವರೆಗಿನ ನಾಡು ಬಿಟ್ಟುಕೊಟ್ಟರು. 4ನೇ ಶತಮಾನದ ನಡುವಿನಲ್ಲಿ ಬನವಾಸಿಯ ಕದಂಬ ರಾಜ್ಯ ಹುಟ್ಟಿದ್ದು ಹೀಗೆ.

ಹೀಗೆ ಕಾದಿದವನು ಮಯೂರಶರ್ಮನೊಬ್ಬನೇ ಅಲ್ಲ. ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ ಆರ್ಮಿನಿಯಸ್ ರೋಮಿನ ಮೂರು ದಳಗಳನ್ನು ಮುಗಿಸಿದ್ದೂ ಕಾಡನ್ನು ನಂಬಿಯೇ. ಹದಿನೇಳನೇ ಶತಮಾನದಲ್ಲಿ ಶಿವಾಜಿಯ ಮರಾಠರು ಘಟ್ಟಗಳಲ್ಲಿ ಆಡಿದ್ದು ಇದೇ ಬಗೆಯ ಯುದ್ಧ. ಆರ್ಮಿನಿಯಸ್ ಮಯೂರಶರ್ಮನಿಗಿಂತ ಮುಂಚಿನವನು; ಮರಾಠರು ಮಯೂರಶರ್ಮನಿಂದ ಕಲಿತರು ಎಂದರೂ ಉತ್ಪ್ರೇಕ್ಷೆ. ದೊಡ್ಡ ಸೇನೆಯ ಎದುರು ನಿಂತ ಚಿಕ್ಕ ಪಡೆಗೆ ನೆಲವೇ ಕಲಿಸುವ ಪಾಠ ಅದು. ಆದರೆ ಆ ಪಾಠವನ್ನು ನಾಚಿಕೆಯಿಲ್ಲದೆ ಕಲ್ಲಿನಲ್ಲಿ ಕೊರೆಸಿದ ಹಿರಿಮೆ ಕದಂಬರದು.

1975ರ ‘ಮಯೂರ’ ಸಿನಿಮಾದಲ್ಲಿ ರಾಜಕುಮಾರ್ ಅವರನ್ನು ನೋಡಿ ಬೆಳೆದವರು ಒಮ್ಮೆ ತಾಳಗುಂದಕ್ಕೆ ಬನ್ನಿ. ಸಾಲುಗಳು ಕಂಬದ ಬುಡದಿಂದ ಮೇಲಕ್ಕೆ ಏರುತ್ತವೆ. ಕತ್ತು ವಾಲಿಸಿಯೇ ನೋಡಬೇಕು.